ನಾಲಿಗೆಯಡಿಯ ಪೊರೆ, ನಾನು ಕೊಟ್ಟ ಮಾತು

ನನ್ನ ತಂಗಿಯ ಮಗಳು ಮಕ್ಕಳ ವೈದ್ಯೆಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಹೋದ ಸಲ ಮನೆಗೆ ಬಂದಾಗ, "ಮಾಮಾ, ನಿಮ್ಮ ಕಾಲಕ್ಕ ನಾಲಿಗಿ ಅಂಟಿದ ಕೂಸುಗಳಿಗೆ ಏನ ಮಾಡತಿದ್ರಿ?" ಎಂದು ಕೇಳಿದಳು. "ಕತ್ತರಿಸತಿದ್ದಿವಿ" ಎಂದೆ. ಅಷ್ಟು ಹೇಳಿ ಸುಮ್ಮನಾಗಿದ್ದು ಅವಳಿಗೆ ಸಾಲಲಿಲ್ಲ. ಊಟ ಮುಗಿಯುವವರೆಗೂ ಬಿಡದೆ ಕೇಳಿದಳು. ಹೋಗುವಾಗ, ಹೇಳಿದ್ದನ್ನೆಲ್ಲ ಬರೆದಿಡಿ, ನನ್ನ ಜೊತೆಯವರೂ ಓದಲಿ ಎಂದಳು. ಅವಳ ಮಾತಿನಂತೆ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ಜಾಣತನಕ್ಕಿಂತ ಬೇರೆಯವರ ಜಾಣತನವೇ ಹೆಚ್ಚು ಬರುತ್ತದೆ.

ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ನಾಲಿಗೆಯ ಕೆಳಗೆ, ನಟ್ಟನಡುವೆ, ಅದನ್ನು ಬಾಯಿಯ ತಳಕ್ಕೆ ಸೇರಿಸುವ ತೆಳುವಾದ ಪೊರೆಯೊಂದು ಎಲ್ಲರಿಗೂ ಇರುತ್ತದೆ. ಕೆಲವು ಕೂಸುಗಳಿಗೆ ಅದು ಗಿಡ್ಡವಾಗಿ, ನಾಲಿಗೆಯ ತುದಿಯವರೆಗೂ ಹಬ್ಬಿರುತ್ತದೆ. ಆಗ ಕೂಸು ಅತ್ತರೆ ನಾಲಿಗೆ ಮೇಲೇಳುವುದಿಲ್ಲ, ಹೊರಗೆ ಚಾಚುವುದಿಲ್ಲ, ತುದಿಯ ನಡುವೆ ಎಳೆದು ಹಿಡಿದಂತೆ ತಗ್ಗು ಬೀಳುತ್ತದೆ. ಮೇಲ್ದುಟಿಯನ್ನು ವಸಡಿಗೆ ಸೇರಿಸುವ ಪೊರೆಯ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ನಮ್ಮ ಕಡೆಯ ಜನ ಎರಡಕ್ಕೂ "ಅಂಟೇತಿ" ಎಂದೇ ಹೇಳುತ್ತಿದ್ದರು.

ನಾನು ತಿಕೋಟಾದ ದವಾಖಾನೆಗೆ ಬಂದದ್ದು ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿ ಬಹಳ ದಿನ ಆಗಿರಲಿಲ್ಲ. ನಮ್ಮ ರಿಜಿಸ್ಟರುಗಳ ತಲೆಬರಹ ಇನ್ನೂ ಮರಾಠಿಯಲ್ಲಿತ್ತು, ಒಳಗೆ ಬರೆಯುವುದು ಇಂಗ್ಲಿಷಿನಲ್ಲಿ, ರೋಗಿಗಳು ಹೇಳಿಕೊಳ್ಳುವುದು ಕನ್ನಡದಲ್ಲಿ. ಎರಡು ಕೋಣೆ, ಒಂದು ಪಡಸಾಲೆ, ಉಪಕರಣ ಕುದಿಸಲು ಒಂದು ಸ್ಟವ್. ಕಂಪೌಂಡರ್ ಒಬ್ಬರು. ಮತ್ತೆ ಚಂದವ್ವ.

ಚಂದವ್ವ ಕಾಗದದ ಮೇಲೆ ದವಾಖಾನೆಯ ಆಯಾ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಸುತ್ತಲಿನ ಹಳ್ಳಿಗಳ ಸೂಲಗಿತ್ತಿಯಾಗಿದ್ದವಳು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಕೈ ತೊಳೆಯುವುದರಲ್ಲಿ ಅವಳಷ್ಟು ಕಟ್ಟುನಿಟ್ಟಿನವರನ್ನು ಆಮೇಲೆ ದೊಡ್ಡ ಆಸ್ಪತ್ರೆಗಳಲ್ಲೂ ನಾನು ಕಂಡದ್ದು ಕಡಿಮೆ. ಉಗುರುಗಳನ್ನು ಚರ್ಮಕ್ಕೆ ಹತ್ತುವಂತೆ ಕತ್ತರಿಸಿಕೊಂಡಿರುತ್ತಿದ್ದಳು.

ನಾನು ಸೇರಿದ ಒಂದು ವಾರದಲ್ಲೇ ಹತ್ತು ದಿನದ ಕೂಸೊಂದನ್ನು ತಂದರು. ಮೊಲೆ ಕುಡಿಯುತ್ತಿಲ್ಲ, ನಾಲಿಗೆ ಅಂಟಿದೆ ಎಂದರು. ಬಾಯಿ ತೆರೆದು ನೋಡಿದೆ. ಪೊರೆ ಇತ್ತು. ಕಾಲೇಜಿನಲ್ಲಿ ಈ ಕೆಲಸವನ್ನು ಎರಡು ಸಲ ಮಾತ್ರ ದೂರ ನಿಂತು ನೋಡಿದ್ದೆ. ಈಗ ನನ್ನ ಕೈಯಿಂದಲೇ ಮಾಡುವ ಅವಕಾಶ ಬಂತೆಂದು ಒಳಗೊಳಗೇ ಹಿಗ್ಗಿ, ಕತ್ತರಿ ಕುದಿಯಲಿಡಲು ಹೇಳಿದೆ.

ಚಂದವ್ವ ಕದಲಲಿಲ್ಲ. "ಮೊದಲ ಮಲಿಗೆ ಹಚ್ಚಿ ನೋಡೂಣ್ರಿ ಸಾಹೇಬ್ರ" ಎಂದಳು.

"ಕುಡಿಯೂದಿಲ್ಲಂತ ಅವರ ಹೇಳಾಕತ್ತಾರಲ್ಲ?"

"ಅವರು ಹೇಳ್ತಾರ್ರಿ. ಕೂಸ ಏನ ಹೇಳತೈತಿ ನೋಡೂಣ."

ಇಲ್ಲೇ ನನಗೊಂದು ತೊಡಕಿತ್ತು. ಹೆಣ್ಣುಮಕ್ಕಳು ಗಂಡಸು ಡಾಕ್ಟರನ ಎದುರಿಗೆ ಹಾಲು ಕುಡಿಸುತ್ತಿರಲಿಲ್ಲ, ನಾನೂ ಹಾಗೆ ಕೇಳುವಂತಿರಲಿಲ್ಲ. ಅಂದರೆ ಯಾವುದನ್ನು ಕಣ್ಣಾರೆ ನೋಡಿ ನಿರ್ಧಾರ ಮಾಡಬೇಕೋ ಅದನ್ನು ನಾನು ನೋಡುವ ಹಾಗೆಯೇ ಇರಲಿಲ್ಲ. ಚಂದವ್ವ ಪಡಸಾಲೆಯ ಮೂಲೆಗೆ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿ, ತಾಯಿ ಮಗುವನ್ನು ಕರೆದುಕೊಂಡು ಒಳಗೆ ಹೋದಳು. ನಾನು ಹೊರಗೆ ಸ್ಟೂಲಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳ ಧ್ವನಿ ಕೇಳಿತು. "ಮೊಣಕೈ ಮ್ಯಾಲ ತೊಗೊ ಬೇ. ಹಂಗಲ್ಲ, ಅದರ ಹೊಟ್ಟಿ ನಿನ್ನ ಹೊಟ್ಟಿಗೆ ಹತ್ತಲಿ. ಬಾಯಿ ದೊಡ್ಡದ ತಗಿಯೂತನಾ ತಡಿ. ಈಗ ಹಚ್ಚು."

ಕಾಲು ಗಂಟೆ ಕಳೆದು ಅವಳು ಹೊರಬಂದಳು. "ಕತ್ರಿ ಬ್ಯಾಡ್ರಿ. ಕೂಸಿಂದ ಏನೂ ತಪ್ಪಿಲ್ಲ. ಚೊಚ್ಚಲ ಬಾಣಂತಿ, ಹಿಡಿಯಾಕ ಬಂದಿಲ್ಲ, ಅಷ್ಟ."

ಒಂದೂವರೆ ತಿಂಗಳ ಮೇಲೆ ಇನ್ನೊಂದು ಕೂಸು ಬಂತು. ಆವತ್ತು ಪರದೆಯ ಹಿಂದಿನಿಂದ ಬಂದವಳು ಬೇರೆಯೇ ಹೇಳಿದಳು. "ಹಿಡಿತೈತಿ, ಜಾರತೈತಿ. ಹಿಡಿತೈತಿ, ಜಾರತೈತಿ. ಮಲಿತೊಟ್ಟು ಚಪ್ಪಟಿ ಆಗಿ ಹುಣ್ಣಾಗೇತಿ. ದಣದು ನಿದ್ದಿ ಹೋಗತೈತಿ, ಹಸುವಿಲೆ ಮತ್ತ ಏಳತೈತಿ. ಇದಕ್ಕ ಕತ್ರಿ ಬೇಕ್ರಿ."

ಹಾಗೆ ನನ್ನ ಮೊದಲ ಪೊರೆ ಬಿಡಿಸಿದೆ. ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಿಟಕಿಯ ಬೆಳಕಿಗೆ ಮಲಗಿಸಿ, ಚಂದವ್ವ ತಲೆ ಹಿಡಿದಳು. ನಡುವೆ ಸೀಳಿದ್ದ ಲೋಹದ ಚಪ್ಪಟೆ ಕಡ್ಡಿಯಿಂದ ನಾಲಿಗೆ ಎತ್ತಿದರೆ ಪೊರೆ ಆ ಸೀಳಿನಲ್ಲಿ ಬಂದು ನಿಲ್ಲುತ್ತದೆ. ಅದು ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ, ಬೆಳಕು ಹಾಯುವಂತಿತ್ತು. ಮೊಂಡು ತುದಿಯ ಕತ್ತರಿಯಿಂದ ಒಂದೇ ಸಲ ಕತ್ತರಿಸಿದೆ. ಎರಡು ಹನಿ ರಕ್ತ ಬಂತು. ಕೂಸು ಸುತ್ತಿದ್ದಕ್ಕೇ ಹೆಚ್ಚು ಅತ್ತಿತ್ತು. ತಕ್ಷಣ ಮೊಲೆಗೆ ಹಚ್ಚಿಸಿದೆವು. ಕುಡಿಯುತ್ತಿದ್ದಂತೆ ರಕ್ತವೂ ನಿಂತಿತು. ಪರದೆಯ ಹಿಂದೆ ಆ ತಾಯಿ ಅಳುತ್ತಿದ್ದದ್ದು ಕೇಳಿ ಗಾಬರಿಯಾದೆ. "ಸುಮ್ಮಕಿರ್ರಿ, ನೋವ ಇಲ್ಲಂತ ಅಳಾಕತ್ತಾಳ" ಎಂದಳು ಚಂದವ್ವ.

ಅಲ್ಲಿಂದ ಮುಂದೆ ಇದು ನಮ್ಮ ಪದ್ಧತಿಯಾಯಿತು. ನಾನು ಬಾಯಿ ನೋಡುವುದು, ಅವಳು ಕುಡಿಯುವುದನ್ನು ನೋಡುವುದು, ಇಬ್ಬರ ಮಾತೂ ಕೂಡಿದರೆ ಮಾತ್ರ ಕತ್ತರಿ. ಪೊರೆ ಇದ್ದ ಎಷ್ಟೋ ಕೂಸುಗಳು ಕತ್ತರಿ ಕಾಣದೆ ಮನೆಗೆ ಹೋದವು. ನಾನು ಓದಿದ ಪುಸ್ತಕದಲ್ಲಿ ಈ ವಿಷಯಕ್ಕೆ ನಾಲ್ಕೇ ಸಾಲು ಇದ್ದವು. ಉಳಿದದ್ದನ್ನು ಚಂದವ್ವ ಹೇಳಿಕೊಟ್ಟಳು.

ಇಷ್ಟು ಒಳ್ಳೆಯ ಗುರು ಸಿಕ್ಕ ಮೇಲೂ ತಪ್ಪು ಮಾಡಿದೆ. ಚಿಕ್ಕದಲ್ಲ.

ಅರಕೇರಿಯಿಂದ ಶಿವವ್ವ ಎಂಬ ಹೆಣ್ಣುಮಗಳು ತನ್ನ ಮಗಳನ್ನು ಕರೆದುಕೊಂಡು ಬಂಡಿಯಲ್ಲಿ ಬಂದಳು. ಜೊತೆಗೆ ಗಂಡ ಮಲ್ಲಪ್ಪ. ಹೊಲ ಮನೆ ನೋಡಿಕೊಂಡಿದ್ದ, ಮಾತು ಕಡಿಮೆಯ ಮನುಷ್ಯ. ಮಗಳ ಹೆಸರು ನೀಲವ್ವ, ಐದು ವರ್ಷ. ಚುರುಕು ಕಣ್ಣಿನ ಹುಡುಗಿ. ಬಂದವಳೇ ನನ್ನ ಮೇಜಿನ ಮೇಲಿನ ವಸ್ತುಗಳನ್ನೆಲ್ಲ ಒಂದೊಂದಾಗಿ ನೋಡಿದಳು.

"ಮಾತ ಬಂದಿಲ್ರಿ ಈಕಿಗೆ" ಎಂದಳು ಶಿವವ್ವ. "ಎಲ್ಲಾ ತಿಳಿತೈತ್ರಿ. ಹೇಳಿದ ಕೆಲಸ ಮಾಡತಾಳ. ನೀರ ತಾ ಅಂದ್ರ ತರ್ತಾಳ. ಮಾತ ಒಂದ ಇಲ್ಲ."

ಬಾಯಿ ತೆರೆಸಿ ನೋಡಿದೆ. ಪೊರೆ ಸ್ಪಷ್ಟವಾಗಿ ಕಾಣುತ್ತಿತ್ತು, ಗಿಡ್ಡಗಿತ್ತು. ಕಾರಣ ಕಣ್ಣೆದುರಿಗೇ ಸಿಕ್ಕಿತು ಎನಿಸಿತು. ಕಾರಣ ಸಿಕ್ಕ ಸಂತೋಷಕ್ಕೆ ಬೇರೇನನ್ನೂ ಹುಡುಕಲಿಲ್ಲ. ಚಂದವ್ವ ಆ ವಾರ ಮಗಳ ಮನೆಗೆ ಹೋಗಿದ್ದಳು. ಅವಳಿದ್ದಿದ್ದರೆ ಏನಾಗುತ್ತಿತ್ತೋ, ಆ ನೆಪ ಹೇಳಲಾರೆ. ದೊಡ್ಡ ಮಗುವಾದ್ದರಿಂದ ಮರಗಟ್ಟುವ ಮದ್ದು ಚುಚ್ಚಿ ಪೊರೆ ಬಿಡಿಸಿ, ಒಂದು ಹೊಲಿಗೆ ಹಾಕಿದೆ. ಕೆಲಸ ಅಚ್ಚುಕಟ್ಟಾಗಿಯೇ ಆಯಿತು. ನೀಲವ್ವ ನನ್ನ ಬಾಯಿಯನ್ನೇ ನೋಡುತ್ತ, ಅಳದೆ ಕುಳಿತಿದ್ದಳು.

ಹೊರಡುವಾಗ ಶಿವವ್ವ, "ಯಾವಾಗ ಮಾತಾಡತಾಳ್ರಿ?" ಎಂದಳು.

"ಎಳ್ಳಮವಾಸಿ ಬರೂದ್ರಾಗ ಅವ್ವಾ ಅಂತಾಳ ನೋಡು" ಎಂದುಬಿಟ್ಟೆ.

ಯಾಕೆ ಹಾಗೆ ಹೇಳಿದೆ? ಅವಳ ಮುಖ ಅರಳುವುದನ್ನು ನೋಡಬೇಕಿತ್ತು. ಅರಳಿತು. ಮಲ್ಲಪ್ಪ ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ಬೇಡ ಬೇಡ ಎನ್ನುತ್ತಲೇ ನಾನು ಹಿಂದೆ ಸರಿಯಲಿಲ್ಲ. ಇದನ್ನೂ ಬರೆದಿಡಬೇಕು.

ಎಳ್ಳಮವಾಸ್ಯೆ ಬಂತು, ಹೋಯಿತು. ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಊಟ ಮಾಡಿ ಮೂರು ದಿನವಾದ ಮೇಲೆ ಶಿವವ್ವ ಮತ್ತೆ ಬಂದಳು, ಮಗಳೊಂದಿಗೆ. ಜಗಳಕ್ಕೇನೂ ಬಂದಿರಲಿಲ್ಲ. "ನೀವ ಹೇಳಿದ ದಿನ ದಾಟಿತ್ರಿ" ಎಂದಳು, ತಾನೇ ಏನೋ ತಪ್ಪು ಮಾಡಿದವಳಂತೆ. ಗಾಯ ಚೆನ್ನಾಗಿ ಮಾಯಿತ್ತು. ನಾಲಿಗೆ ಹೊರಗೆ ಬರುತ್ತಿತ್ತು, ಮೇಲೇಳುತ್ತಿತ್ತು. ನಾನು ಬಾಯಿಯಲ್ಲೇ ಇನ್ನೂ ಏನನ್ನೋ ಹುಡುಕುತ್ತಿದ್ದೆ.

ಆಗ ಚಂದವ್ವ ಹುಡುಗಿಯ ಬೆನ್ನ ಹಿಂದೆ ನಿಂತಿದ್ದಳು. ಕೈಯಲ್ಲಿದ್ದ ಹಿತ್ತಾಳೆಯ ತಾಟನ್ನು ಕಲ್ಲುಹಾಸಿನ ಮೇಲೆ ಬಿಟ್ಟಳು. ಕಂಪೌಂಡರು ಎದ್ದು ನಿಂತರು. ಪಡಸಾಲೆಯಲ್ಲಿ ಮಲಗಿದ್ದ ಕೂಸೊಂದು ಚೀರಿತು. ನಾನೂ ಬೆಚ್ಚಿಬಿದ್ದೆ. ನೀಲವ್ವ ಮಾತ್ರ ನನ್ನ ಅಂಗಿಯ ಗುಂಡಿಯನ್ನು ನೋಡುತ್ತ ಹಾಗೇ ನಿಂತಿದ್ದಳು.

ಹುಡುಗಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದಲೇ ಕೇಳುತ್ತಿರಲಿಲ್ಲ. ಅವಳು ಮಾಡುತ್ತಿದ್ದ ಕೆಲಸಗಳೆಲ್ಲ ಅವ್ವನ ಕೈ, ಕಣ್ಣು, ತುಟಿ ನೋಡಿ ಮಾಡಿದವು.

ತಾಟು ಕೈಜಾರಿ ಬಿತ್ತೆಂದು ಶಿವವ್ವ ಭಾವಿಸಿದ್ದಳು. ನನ್ನ ಉತ್ತರಕ್ಕೆ ಕಾಯುತ್ತ ನಿಂತಿದ್ದಳು. ಆ ಹೊತ್ತಿಗೆ ನಾನು ಸತ್ಯ ಹೇಳಬೇಕಿತ್ತು. "ಇನ್ನೂ ಸ್ವಲ್ಪ ದಿನ ತಡಿಯವ್ವ" ಎಂದೆ. ಅವಳು ತಲೆಯಾಡಿಸಿ ಮಗಳ ಕೈ ಹಿಡಿದು ಹೋದಳು.

ಮಧ್ಯಾಹ್ನ ದವಾಖಾನೆ ಖಾಲಿಯಾದ ಮೇಲೆ ಚಂದವ್ವ ನನ್ನ ಕೋಣೆಯ ಬಾಗಿಲಲ್ಲಿ ಬಂದು ಕುಳಿತಳು. ಅವಳು ಹಾಗೆ ಕೂರುವವಳಲ್ಲ. "ಒಂದ ಮಾತ ಹೇಳತೀನಿ ಯಪ್ಪಾ" ಎಂದಳು. ಸಾಹೇಬ್ರ ಎನ್ನಲಿಲ್ಲ. "ಮೊದಲ ನಾವೂ ಪೊರಿ ಬಿಡಸ್ತಿದ್ದಿವಿ. ಕಿರಿಬೆರಳಿನ ಉಗುರ ಬೆಳಸಿ ಅದರಲೆ ಹರೀತಿದ್ದಿವಿ. ಒಂದ ಕೂಸಿಗೆ ಆಳಾ ಹರದಿನಿ. ರಕ್ತ ನಿಲ್ಲಲಿಲ್ಲ. ಸಂಜೀತನಾ ಅರಿವಿ ಒತ್ತಿ ಹಿಡಕೊಂಡ ಕುಂತಿದ್ದಿನಿ. ಹೋತು. ಅವರವ್ವಗ, ನಿನ್ನ ಹಣೇಬಾರ ಅಂತ ಹೇಳಿದಿನಿ. ಆಕಿ ನಂಬಿದಳು. ಆವತ್ತಿಂದ ನಾ ಉಗುರ ಬೆಳಿಯಾಕ ಬಿಟ್ಟಿಲ್ಲ. ಆದರ ಆ ಸುಳ್ಳ ಇನ್ನೂ ಹೊಟ್ಟ್ಯಾಗ ಐತಿ. ಆಕಿನೂ ಸತ್ತಹೋದಳು, ಇನ್ನ ಯಾರ ಮುಂದ ಹೇಳಲಿ? ನಿಮಗ ಇನ್ನೂ ಹೊತ್ತ ಐತಿ."

ಇಷ್ಟು ಹೇಳಿ ಎದ್ದು ಕಸಬರಿಗೆ ತೆಗೆದುಕೊಂಡಳು.

ಮರುದಿನವೇ ವಿಜಾಪುರಕ್ಕೆ ಹೋದೆ. ಈಗಿನ ವಿಜಯಪುರಕ್ಕೆ ಆಗ ನಾವು ಹಾಗೇ ಅನ್ನುತ್ತಿದ್ದೆವು. ಅಲ್ಲಿನ ಸಿವಿಲ್ ಸರ್ಜನ್ ನಮ್ಮೆಲ್ಲರಿಗೂ ಮೇಲಿನವರು. ಬೆಳ್ಳಿ ಕೂದಲು, ದಪ್ಪ ಕನ್ನಡಕ, ಹೆದರಿಕೆ ಹುಟ್ಟಿಸುವ ಮೌನ. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಕುರ್ಚಿ ತೋರಿಸಿ, "ಕೂಡ್ರು. ನಾಲಿಗಿ ತುದಿ ಕೆಳಗಿನ ಹಲ್ಲಿನ ಹಿಂದ ಒತ್ತಿ ಹಿಡಿ. ನಾ ಹೇಳೂತನಾ ಬಿಡಬ್ಯಾಡ. ಈಗ ಮಾತಾಡು" ಎಂದರು.

ನಾಲಿಗೆ ಒತ್ತಿ ಹಿಡಿದೇ ನನ್ನ ಹೆಸರು, ಊರು, ತಿಕೋಟಾದ ರೋಗಿಗಳ ವಿಷಯ ಹೇಳಿದೆ. ರೊಟ್ಟಿ ಎನ್ನುವಾಗ ಎಡವಿತು. ಬಾಳೆಹಣ್ಣು ನಗು ಬರುವ ಹಾಗೆ ಹೊರಟಿತು. ಅಷ್ಟರಲ್ಲಿ ಗುಮಾಸ್ತರು ಒಳಬಂದು ನನ್ನ ದವಾಖಾನೆಯ ಔಷಧಿ ಪಟ್ಟಿಯ ಬಗ್ಗೆ ಏನೋ ಕೇಳಿದರು. ಸಾಹೇಬರು ಕಣ್ಣಲ್ಲೇ, ಬಿಡಬೇಡ ಎಂದರು. ಹಾಗೇ ಉತ್ತರ ಹೇಳಿದೆ. ಗುಮಾಸ್ತರು, "ಬರೋಬ್ಬರಿ, ಬರೋಬ್ಬರಿ" ಎಂದು ಬರೆದುಕೊಂಡು ಹೋದರು.

"ಅವಗ ಎಲ್ಲಾ ತಿಳೀತಲ್ಲ?" ಎಂದರು ಸಾಹೇಬರು. "ನಾಲಿಗಿ ಕಟ್ಟಿದ ಮನಷ್ಯಾ ಮೂಕ ಆಗೂದಿಲ್ಲ. ಬಹಳಾದ್ರ ಎರಡು ಮೂರು ಅಕ್ಷರ ತೊದಲತಾವ. ಈಗ ಅವ್ವಾ ಅನ್ನು."

"ಅವ್ವಾ" ಎಂದೆ. ಕನ್ನಡಿಯಷ್ಟು ಸ್ವಚ್ಛವಾಗಿ ಬಂತು.

"ಅಪ್ಪಾ ಅನ್ನು."

ಅಂದೆ. ಅದೂ ಬಂತು.

"ಎರಡೂ ತುಟೀಲೆ ಆಡೂ ಮಾತು. ಅವ್ವಾ ಅನ್ನಾಕ ನಾಲಿಗಿ ಯಾಕ ಬೇಕೋ? ಐದ ವರ್ಷದ ಹುಡುಗಿ ಅವ್ವಾ ಅಂದಿಲ್ಲ ಅಂದ್ರ ನೀ ಆಕಿ ಬಾಯಿ ಬಿಟ್ಟು ಕಿವಿ ನೋಡಬೇಕಿತ್ತು."

ಅವ್ವಾ ಎಂಬುದು ನಾನು ಮಾತು ಕಲಿತಾಗಿನಿಂದ ಆಡಿದ ಮಾತು. ಅದನ್ನು ಹೇಗೆ ಆಡುತ್ತೇನೆಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಸಾಹೇಬರು ನನ್ನ ಮೇಲೆ ಯಾವ ಕಾಗದವನ್ನೂ ಬರೆಯಲಿಲ್ಲ. "ಹೋಗಿ ಆ ತಾಯಿಗೆ ಹೇಳಿ ಬಾ. ಆಕೀನ್ನ ಕರಸಬ್ಯಾಡ, ನೀನ ಆಕಿ ಮನಿಗೆ ಹೋಗು" ಎಂದರು, ಅಷ್ಟೇ. ಆ ಮಾತಿಗಾಗಿ ನಾನು ಅವರಿಗೆ ಇವತ್ತಿಗೂ ಋಣಿ.

ಬಾಡಿಗೆಯ ಸೈಕಲ್ ತೆಗೆದುಕೊಂಡು ಅರಕೇರಿಗೆ ಹೋದೆ. ಜೋಳದ ಹೊಲಗಳು ತೆನೆ ಹಿಡಿದಿದ್ದವು. ಮನೆಯ ಮುಂದೆ ಮಲ್ಲಪ್ಪನ ತಾಯಿ ಕಾಳು ಹಸನು ಮಾಡುತ್ತಿದ್ದಳು. ಡಾಕ್ಟರ್ ಸಾಹೇಬರು ಬಂದಾರೆಂದು ಕಂಬಳಿ ಹಾಸಿದರು. ನಾನು ಕೂರಲಿಲ್ಲ. ಕೂತರೆ ಹೇಳುವುದು ಆಗುವುದಿಲ್ಲ ಎನಿಸಿತು. ಹುಡುಗಿಗೆ ಕಿವಿ ಕೇಳುವುದಿಲ್ಲ, ಅದಕ್ಕೇ ಮಾತು ಬಂದಿಲ್ಲ, ನಾಲಿಗೆ ಕೊಯ್ಯುವ ಅವಶ್ಯಕತೆ ಇರಲಿಲ್ಲ, ಎಳ್ಳಮವಾಸ್ಯೆಯ ಮಾತು ನಾನು ತಿಳಿಯದೆ ಹೇಳಿದ್ದು, ಮೊನ್ನೆ ಹೇಳಿದ್ದು ತಿಳಿದೂ ಹೇಳಿದ ಸುಳ್ಳು ಎಂದೆ.

ಮಲ್ಲಪ್ಪ ಗೋಡೆಗೆ ಮುಖ ಮಾಡಿ ನಿಂತ. ಅವನ ತಾಯಿ, "ಕೊಯ್ದು ಕೊಯ್ದು ಇದ್ದ ಮಾತನೂ ತಗದ್ರಿ" ಎಂದಳು. ಆ ಮಾತು ಸರಿಯಲ್ಲ ಎಂದು ವಾದಿಸುವ ಬಾಯಿ ನನಗಿರಲಿಲ್ಲ.

ಶಿವವ್ವ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಹಂಗಾರ ಆಕಿ ಇಲ್ಲೀತನಾ ನನ್ನ ಧ್ವನಿ ಕೇಳೇ ಇಲ್ಲೇನ್ರಿ?"

"ಇಲ್ಲವ್ವ."

"ದಿನಾ ಜೋಗುಳ ಹಾಡೀನ್ರಿ."

ಅವಳು ಸ್ವಲ್ಪ ಹೊತ್ತು ಮಗಳನ್ನೇ ನೋಡಿದಳು. ಅಂಗಳದಲ್ಲಿ ನೀಲವ್ವ ಆಡಿನ ಮರಿಯ ಕುತ್ತಿಗೆಯನ್ನು ಅಪ್ಪಿಕೊಂಡು ಕುಳಿತಿದ್ದಳು. ಶಿವವ್ವ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದು ನನ್ನ ಮುಂದೆ ಇಟ್ಟಳು. ಕುಡಿದೆ. ಅಂಥ ದಿನ ಅಂಥ ಮನೆಯಲ್ಲಿ ಸಿಕ್ಕ ಮಜ್ಜಿಗೆ ಅದು. ಕಿವುಡ ಮಕ್ಕಳ ಶಾಲೆ ದೂರದ ಊರಿನಲ್ಲಿದೆ, ಸಾಹೇಬರು ಪತ್ರ ಕೊಡುತ್ತಾರೆ ಎಂದೆ. ಅಷ್ಟು ದೂರ ಹುಡುಗಿಯನ್ನು ಬಿಡುವುದಿಲ್ಲ ಎಂದ ಮಲ್ಲಪ್ಪ, ಗೋಡೆಯ ಕಡೆಯಿಂದ ತಿರುಗದೆಯೇ.

ಆಮೇಲೆ ಅರಕೇರಿಯ ಕಡೆಯಿಂದ ಕೂಸುಗಳು ಬರುವುದು ನಿಂತಿತು. ಆ ಡಾಕ್ಟರ್ ನಾಲಿಗೆ ಕೊಯ್ದರೆ ಮಾತು ಹೋಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಚಂದವ್ವ ಅದನ್ನು ನನ್ನಿಂದ ಮುಚ್ಚಿಡಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಒಂದು ಗಿಲಕಿ, ಒಂದು ಸಣ್ಣ ಗಂಟೆ ಬಂದು ಸೇರಿದವು. ಮಾತು ತಡವಾದ ಯಾವ ಮಗು ಬಂದರೂ ಮೊದಲು ಬೆನ್ನ ಹಿಂದೆ ನಿಂತು ಅವನ್ನು ಬಾರಿಸಿ ನೋಡುತ್ತಿದ್ದೆ.

ಅರವತ್ತನೆಯ ಇಸವಿ ದಾಟಿದ ಮೇಲೆ ನನ್ನನ್ನು ವಿಜಾಪುರಕ್ಕೆ ಹಾಕಿದರು. ಎರಡು ವರ್ಷ ಅದೇ ಸಾಹೇಬರ ಕೈಕೆಳಗೆ ಕೆಲಸ. ಅಲ್ಲಿ ನಾಲಿಗೆಗಿಂತ ತುಟಿಯ ತಕರಾರು ಹೆಚ್ಚು. ಗಾಂಧಿ ಚೌಕದಲ್ಲಿ ದೊಡ್ಡ ಬಟ್ಟೆ ಅಂಗಡಿ ಇಟ್ಟಿದ್ದ ಶೇಠರೊಬ್ಬರು ಆರು ವರ್ಷದ ಮೊಮ್ಮಗಳನ್ನು ಕರೆತಂದರು. ಮೇಲಿನ ಎರಡು ಮುಂದಿನ ಹಲ್ಲಿನ ನಡುವೆ ಸಂದು. ತುಟಿಯ ಪೊರೆ ದಪ್ಪಗೆ ಆ ಸಂದಿನೊಳಗೇ ಇಳಿದಿತ್ತು.

"ಇದನ್ನ ಕೊಯ್ದುಬಿಡ್ರಿ. ನಾಳೆ ಲಗ್ನಕ್ಕ ತೊಡಕಾಗಬಾರದು" ಎಂದರು.

"ಇವು ಹಾಲುಹಲ್ಲ ಅದಾವ್ರಿ. ಗಟ್ಟಿ ಹಲ್ಲ ಬರಲಿ, ಆಮ್ಯಾಲ ಕೋರೆಹಲ್ಲ ಇಳೀಲಿ. ಬಹಳ ಮಕ್ಕಳಿಗೆ ಸಂದು ತಾನ ಕೂಡತೈತಿ."

ಶೇಠರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ತಿಕೋಟಾದಾಗ ಒಬ್ಬ ಡಾಕ್ಟರ್ ಕೊಯ್ಯಾಕ ಹೋಗಿ ಹುಡುಗಿ ಮಾತ ಕೆಡಿಸಿದ್ನಂತ. ಅವರು ನೀವೇನು?"

"ನಾನ ರಿ" ಎಂದೆ.

ಆ ಕ್ಷಣಕ್ಕೆ ಕತ್ತರಿ ಎತ್ತಿಕೊಂಡು ನನ್ನ ಕೈ ಎಂಥದೆಂದು ತೋರಿಸುವ ಆಸೆ ನಿಜವಾಗಿಯೂ ಬಂತು. ಐದು ನಿಮಿಷದ ಕೆಲಸ. ಅವರೂ ಖುಷಿಯಾಗುತ್ತಿದ್ದರು. ಆದರೆ ಕಾಯ್ರಿ ಎಂದೇ ಹೇಳಿದೆ. ಅವರು ಸಿಟ್ಟಿನಿಂದ ನೇರ ಸಾಹೇಬರ ಕೋಣೆಗೆ ಹೋದರು. ಸಾಹೇಬರು ಹುಡುಗಿಯ ತುಟಿ ಎತ್ತಿ ನೋಡಿ, "ಅವರು ಹೇಳಿದ್ದ ಬರೋಬ್ಬರಿ ಐತಿ" ಎಂದು ಕಳಿಸಿದರು.

ಹಲವು ವರ್ಷಗಳ ಮೇಲೆ ಗೋಳಗುಮ್ಮಟದ ಹತ್ತಿರ ಅದೇ ಶೇಠರು ಎದುರಾದರು. ಜೊತೆಗೆ ಆ ಮೊಮ್ಮಗಳು, ಎರಡು ಜಡೆ ಹಾಕಿದ ಶಾಲೆಯ ಹುಡುಗಿ. "ಡಾಕ್ಟರಿಗೆ ಹಲ್ಲ ತೋರಸವಾ" ಎಂದರು. ಅವಳು ನಾಚಿ ತೋರಿಸಲೊಲ್ಲಳು. ಅಜ್ಜ ಒತ್ತಾಯ ಮಾಡಿದಷ್ಟೂ ಅವಳಿಗೆ ನಗು ಬಂತು, ನಕ್ಕಾಗ ಹಲ್ಲು ಕಂಡವು. ಸಂದು ಕೂಡಿತ್ತು. "ಕಾದದ್ದು ಚಲೋ ಆತು" ಎಂದಷ್ಟೇ ಹೇಳಿ ಶೇಠರು ಮುಂದೆ ನಡೆದರು.

ವಿಜಾಪುರದಿಂದ ನನ್ನನ್ನು ಬಬಲೇಶ್ವರಕ್ಕೆ ಕಳಿಸಿದರು. ಅಲ್ಲಿ ಸುಶೀಲಾಬಾಯಿ ಎಂಬ ತರಬೇತಾದ ನರ್ಸ್ ಇದ್ದರು. ಮೊದಲ ದಿನವೇ ಮೂಲೆಗೆ ಪರದೆ ಕಟ್ಟಿಸಿ, ಚಂದವ್ವ ನನಗೆ ಕಲಿಸಿದ್ದನ್ನು ಅವರಿಗೆ ಹೇಳಿದೆ. ಆಯಾ ಒಬ್ಬಳು ಕಲಿಸಿದ್ದು ಎಂದಾಗ ಅವರ ಹುಬ್ಬು ಸ್ವಲ್ಪ ಮೇಲೇರಿತು. ಒಂದು ತಿಂಗಳಲ್ಲಿ ಇಳಿಯಿತು.

ಒಂದು ಬೆಳಿಗ್ಗೆ ದವಾಖಾನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳ ಅಳು ಕೇಳಿಸಿತು. "ಬ್ಯಾಡ ಬೇ, ಈ ಡಾಕ್ಟರ ಬ್ಯಾಡ" ಎನ್ನುತ್ತಿದ್ದಳು. ಹೊರಗೆ ಬಂದು ನೋಡಿದರೆ ಶಿವವ್ವ. ಅವಳ ತವರು ಬಬಲೇಶ್ವರ ಎಂದು ನನಗೆ ಗೊತ್ತಿರಲಿಲ್ಲ. ಅಳುತ್ತಿದ್ದವಳು ಅವಳ ತಾಯಿ. ಪಕ್ಕದಲ್ಲಿ ಬಾಣಂತನಕ್ಕೆ ಬಂದಿದ್ದ ತಂಗಿ ಕಾಶವ್ವ, ಮಡಿಲಲ್ಲಿ ಎಂಟು ದಿನದ ಗಂಡುಕೂಸು. ಹಿಂದೆ ಒಬ್ಬಳು ಹುಡುಗಿ, ಹತ್ತು ವರ್ಷದವಳು. ಚುರುಕು ಕಣ್ಣುಗಳಿಂದ ಗುರುತು ಹಿಡಿದೆ. ನೀಲವ್ವ.

ಕೂಸು ಹುಟ್ಟಿದಾಗಿನಿಂದ ಮೊಲೆ ಹಿಡಿದಿರಲಿಲ್ಲ. ಎಂಟು ದಿನ ಸಕ್ಕರೆ ನೀರು, ಆಡಿನ ಹಾಲು, ಅರಳೆಯ ಬತ್ತಿಯಿಂದ ಬಾಯಿಗೆ ಹನಿಸಿದ್ದರು. ದವಾಖಾನೆ ಮನೆಯಿಂದ ಎರಡು ಓಣಿ ದೂರ. ಅಲ್ಲಿರುವವನು ನಾನು ಎಂಬ ಕಾರಣಕ್ಕೇ ಬಂದಿರಲಿಲ್ಲ. ಕೂಸಿನ ನೆತ್ತಿ ತಗ್ಗಿಗೆ ಬಿದ್ದಿತ್ತು. ಅಳು ಬೆಕ್ಕಿನ ಮರಿಯಷ್ಟೂ ಇರಲಿಲ್ಲ. ನನ್ನ ಹಳೆಯ ತಪ್ಪು ಆ ಕೂಸಿನ ಹೊಟ್ಟೆಯ ಮೇಲೆ ಬಂದು ಕೂತಿತ್ತು.

"ನಿನ್ನಿ ಸಂಜಿಕ ಅರಕೇರಿಯಿಂದ ಬಂದಿನ್ರಿ" ಎಂದಳು ಶಿವವ್ವ. "ನೋಡಿದ ಕೂಡಲೆ ನಡೀರಿ ಅಂದಿನಿ. ಅವ್ವ ಒಲ್ಲಿ ಅಂತಾಳ. ನಾ ಆಕಿಗೆ ಹೇಳಿದಿನಿ, ಇವರು ತಪ್ಪ ಮಾಡಿದ್ರ ಮನೀಗೆ ಬಂದು ತಪ್ಪಂತ ಹೇಳತಾರ. ಹಂಗ ಹೇಳಾವ್ರನ್ನ ನಾ ಬ್ಯಾರೆ ಎಲ್ಲೂ ಕಂಡಿಲ್ಲ ಅಂತ."

ಬಗ್ಗಿ ಕೂಸಿನ ಬಾಯಿ ನೋಡಿದೆ. ಪೊರೆ ನಾಲಿಗೆಯ ತುದಿಗೇ ಹತ್ತಿತ್ತು. ಸುಶೀಲಾಬಾಯಿ ಪರದೆಯ ಹಿಂದೆ ಹೋಗಿ ಬಂದು, "ಹಿಡಿಯಾಕ ನೋಡತೈತಿ, ನಾಲಿಗಿ ವಸಡ ದಾಟಿ ಬರವಲ್ದು" ಎಂದರು. ಕತ್ತರಿ ಬೇಕಿತ್ತು.

"ಶಿವವ್ವಾ, ಇವತ್ತ ನಾ ಯಾವ ಮಾತೂ ಕೊಡೂದಿಲ್ಲ" ಎಂದೆ. "ಪೊರಿ ಬಿಡಿಸ್ತೀನಿ. ಕುಡೀಬಹುದು. ಕುಡೀಲಿಲ್ಲ ಅಂದ್ರ ತಾಯಿ ಹಾಲ ಹಿಂಡಿ ಚಮಚದಲೆ ಕುಡಸೂಣ. ಏನಾಗತೈತಿ ಅದನ್ನ ಹಂಗಂಗ ಹೇಳತೀನಿ."

"ಅಷ್ಟ ಸಾಕ್ರಿ" ಎಂದಳು.

ಅವಳೇ ಕೂಸಿನ ತಲೆ ಹಿಡಿದಳು. ಕಿಟಕಿಯ ಹತ್ತಿರ, ಮೂರು ಉಸಿರಿನ ಹೊತ್ತಿನಲ್ಲಿ ಕೆಲಸ ಮುಗಿಯಿತು. ಹನಿ ರಕ್ತ ಒರೆಸಿ ಕೂಸನ್ನು ಒಳಗೆ ಕೊಟ್ಟು, ನಾನೂ ಶಿವವ್ವನೂ ಪರದೆಯ ಹೊರಗೆ ನಿಂತೆವು.

ಮೊದಲು ಏನೂ ಆಗಲಿಲ್ಲ. "ಬಾಯಿ ಹಚ್ಚವಲ್ದು" ಎಂದರು ಸುಶೀಲಾಬಾಯಿ. ಎಂಟು ದಿನ ದಣಿದ ಕೂಸು, ಹೊಸ ನಾಲಿಗೆಯನ್ನು ಏನು ಮಾಡಬೇಕೆಂದು ಅದಕ್ಕೆ ತಿಳಿಯುವುದಾದರೂ ಹೇಗೆ? ಕಾಶವ್ವನ ಹಾಲನ್ನು ನಾಲ್ಕು ಹನಿ ಅದರ ತುಟಿಗೆ ಹಿಂಡಿಸಿದರು. ಕಟ್ಟೆಯ ಮೇಲೆ ಮುದುಕಿಯ ಅಳು ನಿಂತಿತ್ತು, ಅವಳೂ ಕಿವಿಗೊಟ್ಟಿದ್ದಳು. ಒಳಗೆ ಸದ್ದಿಲ್ಲ. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ.

ಯಾವಾಗಲೋ ನೀಲವ್ವ ಪರದೆಯ ಒಳಗೆ ನುಸುಳಿದ್ದಳು. ಈಗ ಅವಳು ಸೀರೆಯ ಅಂಚು ಸರಿಸಿ ಅರ್ಧ ಹೊರಗೆ ಬಂದಳು. ಒಂದು ಕೈ ಇನ್ನೂ ಪರದೆಯ ಒಳಗೇ ಇತ್ತು. ಕೂಸಿನ ಗಂಟಲಿನ ಮೇಲೆ ಮೆಲ್ಲಗೆ ಎರಡು ಬೆರಳು ಇಟ್ಟಿದ್ದಳಂತೆ, ಆಮೇಲೆ ಸುಶೀಲಾಬಾಯಿ ಹೇಳಿದರು. ಹೊರಗಿದ್ದ ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿ, ಮುಷ್ಟಿ ಮಾಡಿ ಬಿಚ್ಚಿದಳು. ತಡೆದಳು. ಮತ್ತೆ ಮುಷ್ಟಿ, ಮತ್ತೆ ಬಿಚ್ಚು. ತಾಯಿ ಮಗಳು ಇಬ್ಬರೇ ಕೂಡಿ ಇಷ್ಟು ವರ್ಷ ಕಟ್ಟಿಕೊಂಡ ಕೈಮಾತು ಅದು. ನನಗೆ ಅರ್ಥವಾಗದೆ ಶಿವವ್ವನ ಮುಖ ನೋಡಿದೆ.

"ನುಂಗಾಕತ್ತೈತಿ ಅಂತಾಳ್ರಿ" ಎಂದಳು ಶಿವವ್ವ.

ನಾನು ಕುಳಿತುಕೊಂಡೆ. ನೀಲವ್ವ ನನ್ನ ಕಣ್ಣನ್ನೇ ನೋಡುತ್ತ, ನನಗೆ ತಿಳಿಯಿತೋ ಇಲ್ಲವೋ ಎಂದು ಅನುಮಾನ ಬಂದವಳಂತೆ, ಒಂದೊಂದು ಗುಟುಕಿಗೂ ಕೈ ಮುಚ್ಚಿ ತೆರೆದು, ಹೇಳುತ್ತಲೇ ಇದ್ದಳು.